ಹಿಮ್ಮಡಿಯ ಕಿಂಡಿ

ಡಾಕ್ಟರಮ್ಮ ಮಗುವಿನ ಎಡಪಾದವನ್ನು ಅಂಗೈಯಲ್ಲಿಟ್ಟುಕೊಂಡು ಮೇಲಕ್ಕೆ ಒತ್ತಿದರು. ಪಾದ ಮಣಿಯಲಿಲ್ಲ. ಮೆಲ್ಲಗೆ ಇನ್ನೊಮ್ಮೆ ಒತ್ತಿದರು. ಮೂರು ವರ್ಷದ ಪುಟ್ಟಿ "ನೋವು" ಎಂದು ಕಾಲು ಎಳೆದುಕೊಂಡಳು. ಮಂಚದ ಪಕ್ಕದಲ್ಲಿ ಅವಳ ತಾಯಿ ನಿಂತಿದ್ದಳು. ಬಾಗಿಲ ಹತ್ತಿರ, ಚರ್ಮದ ಮುಂಗವಚ ಕಟ್ಟಿಕೊಂಡೇ ಬಂದಿದ್ದ ತಾತ; ಪುಟ್ಟಿಯ ತಾಯಿ ಅವರ ಮಗಳು. ಅವರು ಅದೇ ಆಸ್ಪತ್ರೆಯಲ್ಲಿ ಮಕ್ಕಳ ಬೂಟು ಹೊಲಿಯುವವರು. ಇಪ್ಪತ್ತಾರು ವರ್ಷದಿಂದ ಎಲ್ಲರ ಬಾಯಲ್ಲೂ ಬೂಟು ಮೇಷ್ಟ್ರು.

"ಮತ್ತೆ ಒಳಕ್ಕೆ ತಿರುಗ್ತಿದೆ. ಹಿಮ್ಮಡಿ ಕೆಳಗಿಳೀತಾನೇ ಇಲ್ಲ," ಎಂದರು ಡಾಕ್ಟರಮ್ಮ. "ದಿನಾ ರಾತ್ರಿ ಬೂಟು ಹಾಕ್ತಿದ್ರಾ?"

"ಒಂದು ರಾತ್ರೀನೂ ತಪ್ಪಿಸಿಲ್ಲ," ಎಂದಳು ಮಗಳು.

"ಎಲ್ಲಾ ತಾಯಂದಿರೂ ಹೀಗೇ ಹೇಳೋದಮ್ಮ." ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಯಾಸವಿತ್ತು. "ಹಾಕಿದ್ದಿದ್ರೆ ಹೀಗಾಗ್ತಿರ್ಲಿಲ್ಲ. ಮತ್ತೆ ಪ್ಲಾಸ್ಟರ್ ಶುರು ಮಾಡೋಣ. ಆದ್ರೆ ಈ ಸಲ ಅಷ್ಟಕ್ಕೇ ಮುಗಿಯತ್ತೆ ಅಂತ ಹೇಳಲಾರೆ. ಆಪರೇಷನ್ನೂ ಬೇಕಾಗಬಹುದು."

ಪುಟ್ಟಿ ಹುಟ್ಟುವಾಗಲೇ ಎರಡೂ ಪಾದ ಒಳಕ್ಕೆ ತಿರುಗಿಕೊಂಡಿದ್ದವು. ವಾರಕ್ಕೊಂದರಂತೆ ಪ್ಲಾಸ್ಟರ್ ಬದಲಾಯಿಸಿ ಅವನ್ನು ನೆಟ್ಟಗೆ ಮಾಡಿದ್ದರು. ನೆಟ್ಟಗಾದದ್ದು ನೆಟ್ಟಗೇ ಉಳಿಯಬೇಕಾದರೆ ಬೂಟು ಬೇಕು. ಒಂದು ಲೋಹದ ಪಟ್ಟಿಗೆ ಎರಡೂ ಬೂಟನ್ನು ಬಿಗಿದಿರುತ್ತಾರೆ. ನಾಲ್ಕು ವರ್ಷ ತುಂಬುವ ತನಕ ಮಗು ಅದನ್ನು ಹಾಕಿಕೊಂಡೇ ಮಲಗಬೇಕು. ಮೇಷ್ಟ್ರು ಹೊಲಿದ ಪ್ರತಿ ಬೂಟಿನ ಹಿಂಬದಿಯಲ್ಲೂ ಬೆರಳು ತೂರುವಷ್ಟು ಒಂದು ಕಿಂಡಿ ಇರುತ್ತಿತ್ತು. "ಕಿಂಡೀಲಿ ಹಿಮ್ಮಡಿ ಕಂಡ್ರೆ ಸರಿ. ಕಾಣದಿದ್ರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಮಗು ಅಳುತ್ತದೆ ಎಂದು ಯಾರಾದರೂ ರಾಗ ಎಳೆದರೆ ಮುಗಿಯಿತು. "ಅಳ್ಲಿ! ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ?" ಡಾಕ್ಟರ ಮಾತಿಗಿಂತ ಮೇಷ್ಟ್ರ ಬಾಯಿಗೆ ಹೆದರಿ ಬೂಟು ಹಾಕಿದ ತಾಯಂದಿರೇ ಹೆಚ್ಚು.

ಮಗಳು ಚೀಲದಿಂದ ಬೂಟು ತೆಗೆದು ಅವರ ಕೈಗೆ ಕೊಟ್ಟಳು. "ನೀನಾದ್ರೂ ಹೇಳಪ್ಪ. ಹಾಕಿದ್ದು ಬಿಟ್ಟಿದ್ದು ನಿನಗೆ ನೋಡಿದ್ರೇ ಗೊತ್ತಾಗತ್ತಲ್ಲ."

ನಿಜ, ಅವರಿಗೆ ನೋಡಿದರೇ ಗೊತ್ತಾಗುತ್ತಿತ್ತು. ಎಡಬೂಟನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿದರು. ಬೆರಳುಗಳ ಜಾಗದಲ್ಲಿ ಐದು ಕಪ್ಪು ಗುಳಿ. ಒಂದು ರಾತ್ರಿಯೂ ತಪ್ಪಿಸಿರಲಿಲ್ಲ ಮಗಳು. ಆದರೆ ಹಿಮ್ಮಡಿ ಕೂರಬೇಕಾದ ಜಾಗ ಹೊಲಿದ ದಿನ ಇದ್ದಷ್ಟೇ ಹೊಸದಾಗಿತ್ತು. 

ಕಿಂಡಿ ಇರಬೇಕಾದ ಕಡೆ ಬೆರಳಿಟ್ಟರು. ಕಿಂಡಿ ಇರಲಿಲ್ಲ.

ಹಿಂದಿನ ಜೊತೆ ಬೂಟು ಪುಟ್ಟಿಯ ಎಡಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸಿತ್ತು. "ತಾತಾ, ಬೂಟು ಕಚ್ಚತ್ತೆ," ಎಂದು ಅವರ ತೊಡೆಯ ಮೇಲೆ ಕೂತು ಅತ್ತಿದ್ದಳು. ಊರ ಮಕ್ಕಳ ಅಳುವಿಗೆಲ್ಲ ಕಲ್ಲಾಗಿದ್ದ ಮನುಷ್ಯ ಆವತ್ತು ಬೆಣ್ಣೆಯಾಗಿಬಿಟ್ಟರು. ಹೊಸ ಜೊತೆಯ ಎಡಬೂಟಿನ ಹಿಮ್ಮಡಿಗೆ ಎರಡು ಮಡಿಕೆ ಉಣ್ಣೆ ಹಾಕಿದರು. ಕಿಂಡಿಯ ಅಂಚು ಒತ್ತದಿರಲೆಂದು ಅದನ್ನೂ ಮುಚ್ಚಿ ಹೊಲಿದರು. "ಇನ್ನು ಕಚ್ಚಲ್ಲ ನೋಡು," ಎಂದು ಬೀಗುತ್ತಲೇ ಕೊಟ್ಟಿದ್ದರು. ಕಚ್ಚಲಿಲ್ಲ. ಅಪ್ಪ ಮಾಡಿದ ಬೂಟೆಂದು ಮಗಳು ಕಿಂಡಿಯ ಮಾತೇ ಎತ್ತಲಿಲ್ಲ. ವರ್ಷವಿಡೀ ಆ ಪುಟ್ಟ ಹಿಮ್ಮಡಿ ಉಣ್ಣೆಯ ಮೇಲೆ ಎದ್ದು ಕೂತಿತ್ತು, ಮಗು ಸುಖವಾಗಿ ನಿದ್ದೆ ಮಾಡಿತ್ತು.

"ಜ್ವರ ಬಂದಾಗ ಮೂರು ದಿನ ಬೆಳಗಾಗೋಕೆ ಮುಂಚೆ ಬಿಚ್ಚಿದ್ದೆ," ಎಂದಳು ಮಗಳು ಇದ್ದಕ್ಕಿದ್ದಂತೆ.  "ಅದ್ರಿಂದ್ಲೇ ಇರ್ಬೇಕು. ತಪ್ಪು ನಂದೇ ಡಾಕ್ಟ್ರೇ."

ಡಾಕ್ಟರಮ್ಮ ತಲೆಯಾಡಿಸಿ ಅದನ್ನೇ ಬರೆಯತೊಡಗಿದರು. ಮೇಷ್ಟ್ರು ಬೂಟನ್ನು ಎದೆಗೊತ್ತಿಕೊಂಡು ನಿಂತಿದ್ದರು. ಈಗ ಸುಮ್ಮನಿದ್ದರೆ ಸಾಕು, ಮನೆಗೆ ಹೋಗಿ ಉಣ್ಣೆ ಕಿತ್ತು ಒಲೆಗೆ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಇಲ್ಲಿ ಮಾಡಿದವರು ಒಬ್ಬರು, ಉಣ್ಣುವವಳು ಮಂಚದ ಮೇಲೆ ಕೂತು ಡಾಕ್ಟರ ಪೆನ್ನಿಗೆ ಕೈ ಚಾಚುತ್ತಿದ್ದಳು. ಅವಳ ಜೊತೆಗೆ ಅವಳ ತಾಯಿಯೂ ಉಣ್ಣಬೇಕೇ?

"ಬರೀಬೇಡಿ ಡಾಕ್ಟರಮ್ಮ," ಎಂದರು. "ಅವಳು ಸರಿಯಾಗೇ ಹಾಕಿದಾಳೆ. ಕೆಡಿಸಿದ್ದು ನಾನು."

ಬೂಟನ್ನು ಮೇಜಿನ ಮೇಲಿಟ್ಟರು. ಡಾಕ್ಟರಮ್ಮ ಒಳಗೆ ಬೆರಳು ಹಾಕಿ ಒತ್ತಿದರು. ಉಣ್ಣೆ ಕುಗ್ಗಿತು.  ಬರೆದಿದ್ದ ಸಾಲಿನ ಮೇಲೆ ಗೀಟು ಎಳೆದರು.

ಮಗಳು ಬೂಟನ್ನು ತಿರುಗಿಸಿ, ಮುಚ್ಚಿ ಹೊಲಿದಿದ್ದ ಕಿಂಡಿಯನ್ನು ನೋಡಿದಳು.

"ಬೇರೆ ಮಕ್ಕಳ ಬೂಟಿಗೂ ಹೀಗೇ ಮಾಡಿದ್ದೀಯಾ?"

"ಇಲ್ಲ," ಎಂದರು ಮೇಷ್ಟ್ರು. "ಇವಳಿಗೆ ಮಾತ್ರ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗುವಿಗೆ ಕಾಲುಚೀಲ ಹಾಕಿ, ಸೊಂಟಕ್ಕೆತ್ತಿಕೊಂಡು ಅವರ ಪಕ್ಕದಿಂದಲೇ ಹೊರಟುಹೋದಳು.

ಐದು ಸಲ ಪ್ಲಾಸ್ಟರ್ ಬದಲಾಯಿತು. ಆಮೇಲೆ ಆಪರೇಷನ್ನೂ ಆಯಿತು. ಅದರ ಪ್ಲಾಸ್ಟರ್ ಬಿಚ್ಚಿದ ದಿನ ಮೇಷ್ಟ್ರು ಹೊಸ ಬೂಟು ತಂದರು. ಒಳಗೆ ಬರೀ ಗಟ್ಟಿ ಚರ್ಮ, ಹಿಂಬದಿಯಲ್ಲಿ ತೆರೆದ ಕಿಂಡಿ. ಮಗಳು ಪುಟ್ಟಿಯನ್ನು ಮಡಿಲಲ್ಲಿ ಹಿಡಿದುಕೊಂಡಳು. ಅವರು ಮಂಡಿಯೂರಿ ಪಟ್ಟಿ ಎಳೆದರು.

"ಬೇಡ ತಾತಾ! ಕಚ್ಚತ್ತೆ! ತಾತಾ, ಬೇಡಾ!"

ಬಕಲ್ ಮೇಲಿದ್ದ ಕೈ ನಿಂತಿತು.

"ಇನ್ನೊಂದು ತೂತು ಬಿಗಿ," ಎಂದಳು ಮಗಳು.

ಅವರು ಬಿಗಿದರು. ತಲೆ ಬಗ್ಗಿಸಿ ಹಿಂಬದಿ ನೋಡಿದರು. "ಕಾಣ್ತಿದೆ," ಎಂದರು.

ಅವಳು ಆ ಮಾತನ್ನು ನೆಚ್ಚಿ ಕೂರಲಿಲ್ಲ. ಅಳುತ್ತಿದ್ದ ಮಗುವಿನ ಮೇಲೆಯೇ ಬಾಗಿ, ಕಿರುಬೆರಳನ್ನು ಕಿಂಡಿಯೊಳಗೆ ತೂರಿಸಿ, ಹಿಮ್ಮಡಿ ಸಿಗುವ ತನಕ ಒಳಗೆ ತಡವಿದಳು.