ಕೈಗುಣದ ಪರೀಕ್ಷೆ

ನನ್ನ ಕೈಗುಣವನ್ನು ಯಾರಾದರೂ ಹೊಗಳಿದರೆ ಈಗ ಮೈಯೆಲ್ಲ ಉರಿಯುತ್ತದೆ. ಪಕ್ಕದ ಊರು ಜಾಲಿಯಲ್ಲಿ ದಿನಕರನ ಇಡ್ಲಿ ಹಿಟ್ಟಿನ ಪ್ಯಾಕೆಟ್ ಘಟಕ ಶುರುವಾದಾಗಿನಿಂದ ರುಬ್ಬಿದ ಹಿಟ್ಟನ್ನು ಕಲಸುವವಳು ನಾನೇ. ರುಬ್ಬುವುದಕ್ಕೆ ಯಂತ್ರ, ತುಂಬುವುದಕ್ಕೆ ಯಂತ್ರ, ಕಲಸುವುದಕ್ಕೆ ಮಾತ್ರ ಈ ಮಾದೇವಿಯ ಕೈ. ನಾನು ಕಲಸಿದರೆ ಹಿಟ್ಟು ಚೆನ್ನಾಗಿ ಹುದುಗುತ್ತದಂತೆ, ಬೇರೆಯವರು ಕಲಸಿದರೆ ಸುಮ್ಮನೆ ಬಿದ್ದುಕೊಂಡಿರುತ್ತದಂತೆ. ಮೊದಮೊದಲು ನನಗೂ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಗೊತ್ತಾಯಿತು ಇದರ ಸಂಕಟ. ಜ್ವರ ಬಂದರೂ ಹೋಗಬೇಕು. ತಂಗಿಯ ಮಗನ ಮದುವೆಯಲ್ಲಿ ಊಟಕ್ಕೂ ಕೂರದೆ ಓಡಿಬಂದಿದ್ದೆ. ಈಗ ಕುಮಟಾದಲ್ಲಿ ಮಗಳು ಸುಪ್ರಿಯಾಳಿಗೆ ದಿನ ತುಂಬುತ್ತ ಬಂದಿತ್ತು. ಪ್ರಯಾಣ ಕೂಡದು ಎಂದು ಡಾಕ್ಟರು ಹೇಳಿದ್ದರಿಂದ ಅವಳನ್ನು ಹೆಬಳೆಯ ನಮ್ಮ ಮನೆಗೆ ಕರೆತರುವ ಹಾಗಿರಲಿಲ್ಲ. ಅಲ್ಲಿ ಅವಳಿಗೆ ಅತ್ತೆಯೂ ಇಲ್ಲ. "ಹೆರಿಗೆ ಹೊತ್ತಿಗೆ ನೀ ಇರ್ಬೇಕು ಅಮ್ಮ, ಬೇರೆ ಎಂತದೂ ಬೇಡ ನಂಗೆ" ಎಂದು ಫೋನಿನಲ್ಲಿ ಅತ್ತಿದ್ದಳು.

ದಿನಕರನ ಹತ್ತಿರ ರಜೆ ಕೇಳಿದೆ. "ನೀವು ಹೋದ್ರೆ ಬಾಗ್ಲು ಹಾಕೂದೇ ಮಾದೇವಕ್ಕ. ನಾಳಿಂದ ಕೆಲ್ಸ ಇಲ್ಲ ಅಂತ ಕಮಲಿಗೆಲ್ಲ ನೀವೇ ಹೇಳಿ" ಎಂದ. ಕಮಲಿ ಪಕ್ಕದಲ್ಲೇ ಉದ್ದು ತೊಳೆಯುತ್ತಿದ್ದಳು. ಅವಳಿಗೆ ಕೇಳಲಿ ಎಂದೇ ಆಡಿದ ಮಾತು ಅದು. ಅವಳು ತಲೆ ಎತ್ತಲಿಲ್ಲ. ನಾನು ಮತ್ತೆ ಹಿಟ್ಟಿಗೆ ಕೈ ಹಾಕಿದೆ.

ಅಷ್ಟರಲ್ಲಿ ಹೊಸ ಯಂತ್ರ ಬಂತು. ಮುರ್ಡೇಶ್ವರದ ಹೋಟೆಲುಗಳಿಗೆ ಕಳಿಸುವ ಪ್ಯಾಕೆಟ್ಟುಗಳು ದಾರಿಯಲ್ಲೇ ಉಬ್ಬಿ ಒಡೆಯುತ್ತಿದ್ದವು. ಹಿಟ್ಟು ಎಷ್ಟು ಹುದುಗಿದಾಗ ತುಂಬಬೇಕು ಎಂದು ತಿಳಿಯಲು ದಿನಕರ ಶ್ರೀಗೌರಿ ಎಂಬ ಹುಡುಗಿಯನ್ನು ಕರೆಸಿದ್ದ. ಹೊನ್ನಾವರದ ಕಡೆಯ ತೋಟದ ಮನೆಯವಳು, ಸಂಶೋಧನೆ ಮಾಡುತ್ತಿದ್ದಾಳೆ. ಅವಳು ತಂದದ್ದು ಮಾಸ್ ಸ್ಪೆಕ್ಟ್ರೋಮೀಟರ್. ಅದಕ್ಕೆ ಉಕ್ಕಿನ ಎರಡು ಸಣ್ಣ ಕೊಳವೆ, ತುದಿಯಲ್ಲಿ ತೆಳ್ಳನೆಯ ಸಿಲಿಕೋನ್ ಪೊರೆ. ಹಿಟ್ಟಿಗೆ ಇಳಿಬಿಟ್ಟರೆ ಹಿಟ್ಟು ಹೊರಗೇ ಉಳಿದು, ಅದರಲ್ಲಿ ಹುಟ್ಟುವ ಅನಿಲ ಮಾತ್ರ ಪೊರೆ ದಾಟಿ ಒಳಗೆ ಹೋಗುತ್ತದೆ. ಯಂತ್ರ ಅದನ್ನು ಅಲ್ಲೇ ತೂಗಿ, ಯಾವುದು ಎಷ್ಟು ಎಂದು ಪರದೆಯ ಮೇಲೆ ಗೆರೆ ಎಳೆಯುತ್ತ ಹೋಗುತ್ತದೆ. ಮುಚ್ಚಳ ತೆಗೆಯಬೇಕಾಗಿಲ್ಲ, ಮಾರನೇ ದಿನದ ತನಕ ಕಾಯಬೇಕಾಗಿಲ್ಲ.

ಎಲ್ಲರೂ ನನ್ನ ಮುಖ ನೋಡಿ ಲೊಚಗುಟ್ಟಿದರು, ಇವಳ ಕೆಲಸ ಹೋಯಿತು ಎಂದು. ನನಗೋ ಒಳಗೊಳಗೇ ಹಬ್ಬ. ಕೈಗುಣವೆಂಬುದೆಲ್ಲ ಬರೀ ಬೊಗಳೆ ಎಂದು ಈ ಯಂತ್ರ ಒಂದು ಮಾತು ಹೇಳಿಬಿಟ್ಟರೆ ನಾನು ಕುಮಟಾ ಬಸ್ಸು ಹತ್ತಬಹುದಿತ್ತು.

"ಕೈಗುಣ ಇದ್ರಲ್ಲಿ ಕಾಣ್ತದಾ?" ಎಂದು ಶ್ರೀಗೌರಿಯನ್ನು ಕೇಳಿದೆ.

ಅವಳು ನಕ್ಕಳು. "ನೋಡ್ವ. ಎರಡೂ ಟಬ್ಬಿಗೆ ಒಂದೇ ಹಿಟ್ಟು. ಒಂದು ನೀವು ಕಲಸಿ, ಒಂದು ಕಮಲಿ ಕಲಸ್ಲಿ."

ಮಾರನೇ ದಿನ ಬೆಳಿಗ್ಗೆ ಪಾತ್ರೆ ತೊಳೆಯುವ ಸಾಬೂನು ಹಾಕಿ ಮೊಣಕೈ ತನಕ ತಿಕ್ಕಿ ತಿಕ್ಕಿ ತೊಳೆದೆ. ಆಮೇಲೆ ಬೇಕಾಬಿಟ್ಟಿ ನಾಲ್ಕು ಸುತ್ತು ಕಲಸಿ ಕೈ ತೆಗೆದೆ. ಮೋಸ ಎಂದರೆ ಮೋಸವೇ, ಇರಲಿ. ಕಮಲಿ ಪಾಪ ದೇವರ ಕೆಲಸವೆಂಬಂತೆ ಕಲಸಿದಳು. ಮಧ್ಯಾಹ್ನದ ತನಕ ಎರಡೂ ಗೆರೆ ಜೊತೆಯಲ್ಲೇ ಮಲಗಿದ್ದವು. ನನಗೆ ಸಮಾಧಾನವಾಯಿತು. ಊಟ ಮಾಡಿ ಬಂದು ನೋಡಿದರೆ, ನನ್ನ ಟಬ್ಬಿನ ಇಂಗಾಲದ ಡೈಆಕ್ಸೈಡ್ ಗೆರೆ ಎದ್ದು ಹೊರಟಿತ್ತು. ಕಮಲಿಯದು ಇದ್ದಲ್ಲೇ ಇತ್ತು.

"ಅಯ್ಯೋ, ಹೌದಲೇ! ವ್ಯತ್ಯಾಸ ಇದ್ದು!" ಎಂದು ಶ್ರೀಗೌರಿ ಆಶ್ಚರ್ಯದಲ್ಲಿ ತನ್ನ ಮನೆಮಾತಿನಲ್ಲೇ ಕೂಗಿದಳು. ದಿನಕರ ಓಡಿಬಂದ, ಪರದೆಯ ಫೋಟೋ ಹೊಡೆದ, ನನ್ನ ಅಂಗೈಯ ಫೋಟೋ ಹೊಡೆದ. ಪ್ಯಾಕೆಟ್ಟಿನ ಮೇಲೆ ಛಾಪಿಸುತ್ತಾನಂತೆ! ನನಗೆ ಆ ಕೊಳವೆ ಕಿತ್ತು ಬಿಸಾಡುವಷ್ಟು ಸಿಟ್ಟು ಬಂತು. ಜನ ಮುಲಾಜಿಗಾದರೂ ಒಂದು ಸುಳ್ಳು ಹೇಳುತ್ತಾರೆ, ಈ ದರಿದ್ರ ಪೆಟ್ಟಿಗೆಗೆ ಅಷ್ಟೂ ಗೊತ್ತಿಲ್ಲ.

ದಿನಕರ ಆಚೆ ಹೋದ ಮೇಲೆ ಶ್ರೀಗೌರಿ ಬಿಡಿಸಿ ಹೇಳಿದಳು. ಇದು ಕೈಯ ಮಹಿಮೆಯಲ್ಲ, ಕೈಯಲ್ಲಿ ಮನೆ ಮಾಡಿಕೊಂಡ ಸೂಕ್ಷ್ಮಜೀವಿಗಳದ್ದು ಇರಬೇಕು. ದಿನವೂ ಹಿಟ್ಟಿನಲ್ಲೇ ಇರುವ ಕೈ, ಸಾಬೂನಿಗೆಲ್ಲ ಅವು ಪೂರ್ತಿ ಹೋಗುವುದಿಲ್ಲ. "ನಿಮ್ಮ ಹಿಟ್ಟು ಒಂದು ಸೌಟು ಕಮಲಿ ಟಬ್ಬಿಗೆ ಹಾಕಿದ್ರೆ ಅದೂ ಹೀಗೇ ಹುದುಗ್ತದೆ ಅಂತ ಕಾಣ್ತದೆ."

ನನಗೆ ಹೋದ ಜೀವ ಬಂದಂತಾಯಿತು. ಸುಪ್ರಿಯಾಳಿಗೆ ಫೋನು ಮಾಡಿ, "ನಾಳೆ ಒಂದು ದಿನ ತಡಿ ಮಗಾ, ಸಂಜೆ ಹೊರಟೇ ಬಿಡ್ತೆ" ಎಂದೆ. ಅವಳು ಹೂಂ ಎಂದು ಫೋನು ಇಟ್ಟಳು.

ಮರುದಿನ ನಾನು ಹಿಟ್ಟು ಮುಟ್ಟಲೇ ಇಲ್ಲ. ಹಿಂದಿನ ದಿನದ ನನ್ನ ಹಿಟ್ಟು ಒಂದು ಸೌಟು ಹಾಕಿ ಕಮಲಿಯೇ ಕಲಸಿದಳು. ಮಧ್ಯಾಹ್ನ ದಾಟುವಷ್ಟರಲ್ಲಿ ಅವಳ ಗೆರೆ ಏರಿತು, ಥೇಟು ಹಿಂದಿನ ದಿನದ ನನ್ನ ಗೆರೆಯ ಹಾಗೆಯೇ. ದಿನಕರನನ್ನು ಎಳೆದು ತಂದು ತೋರಿಸಿದೆ. "ಆತಲ್ಲ? ಇನ್ನು ನಾ ಎಂತಕೆ? ದಿನಾ ಒಂದು ಸೌಟು ತೆಗೆದಿಟ್ರೆ ಆತು."

ಅವನು ಗೆರೆಯನ್ನು ನೋಡಿದ, ನನ್ನನ್ನು ನೋಡಿದ. ಮುಖ ಅರಳಿತು. "ಅದೇ ನಾ ಹೇಳೂದು! ಬರೀ ಒಂದು ಸೌಟಿಗೇ ಇಷ್ಟು! ಇನ್ನೊಂದು ಘಟಕ ಮಾಡ್ವ ಮಾದೇವಕ್ಕ, ನಿಮ್ಮನ್ನ ಬಿಡೂ ಪ್ರಶ್ನೆಯೇ ಇಲ್ಲ."

ಶ್ರೀಗೌರಿ ಏನೋ ಹೇಳಲು ಹೋದಳು. ಅವನು ಕೇಳಿಸಿಕೊಂಡರೆ ತಾನೆ? ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಬಂತು. ಅಳಿಯ ಸಂಜಯ. "ಅತ್ತೆ, ಹೆಣ್ಣುಮಗು. ಈಗಷ್ಟೇ ಆತು. ಇಬ್ರೂ ಆರಾಮು."

ನಾನು ಸೆರಗು ಕಟ್ಟಿಕೊಂಡು ಹೊರಟೆ. "ನಾಳೆಗೆ ಯಾರು?" ಎಂದು ದಿನಕರ ಹಿಂದಿನಿಂದ ಕೂಗುತ್ತಿದ್ದ. "ನಿನ್ನ ಕೈ ಉಂಟಲ್ಲ, ಕಲಸು!" ಎಂದೆ. ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಕೆಲಸ ಹೋದರೆ ಹೋಯಿತು. ಘಟಕದ ಬಾಗಿಲೇನೂ ಮುಚ್ಚಲಿಲ್ಲ, ನನ್ನನ್ನು ಯಾರೂ ಅಡ್ಡಗಟ್ಟಲಿಲ್ಲ. ಇಷ್ಟು ಸುಲಭದ ಕೆಲಸಕ್ಕೆ ಒಂದು ಯಂತ್ರದ ಅಪ್ಪಣೆ ಕಾದು ಕೂತಿದ್ದೆನಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಬೈದುಕೊಂಡೆ. ಹೊನ್ನಾವರದಲ್ಲಿ ಬಸ್ಸು ನಿಂತೇ ನಿಂತಿತು. ಡ್ರೈವರನಿಗೂ ಬೈದೆ.

ಆಸ್ಪತ್ರೆ ಮುಟ್ಟಿದಾಗ ಸುಪ್ರಿಯಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಪಕ್ಕದ ಹಾಸಿಗೆಯ ಯಾರದೋ ಅಮ್ಮ ನನ್ನ ಮೊಮ್ಮಗಳನ್ನು ಎತ್ತಿಕೊಂಡು ತೂಗುತ್ತಿದ್ದಳು.

"ಮಗಾ" ಎಂದೆ.

ಅವಳು ತಿರುಗಲಿಲ್ಲ. "ಹಿಟ್ಟು ಹುದುಗಿ ಬಂತಾ ಅಮ್ಮ?" ಎಂದು ಕೇಳಿದಳು.