ಓವರ್ ಅನ್ನುವವರೆಗೆ

ಭಾಲ್ಕಿಯ ವಿಮಲಾಬಾಯಿಗೆ ಹೊಲಿಗೆ ಎಷ್ಟು ಸಲೀಸೋ ಮಾತೂ ಅಷ್ಟೇ ಸಲೀಸು. ತನ್ನ ಮಾತಲ್ಲದೆ ಮಗಳ ಮಾತನ್ನೂ ಆಕೆಯೇ ಆಡಿ ಮುಗಿಸುತ್ತಿದ್ದಳು. ಮಗಳು ಉಮಾಶ್ರೀಗೆ ಹುಟ್ಟಿನಿಂದಲೇ ಕೈಗಳು ಹಿಡಿತಕ್ಕೆ ಬರುವುದಿಲ್ಲ. ಮಾತು ಬರುತ್ತದೆ, ಆದರೆ ಬಲು ನಿಧಾನ. ಅಷ್ಟು ಹೊತ್ತು ಕಾಯುವ ತಾಳ್ಮೆ ಯಾರಿಗಿದೆ? ಅಂದೂ ಪಕ್ಕದ ಮನೆಯ ಶಾಕಿರಾ ಬೇಗಂ ಹೊಲಿಯಲು ಬಟ್ಟೆ ಕೊಡಲು ಬಂದವರು ಉಮಾಶ್ರೀಯತ್ತ ತಿರುಗಿ, ಈ ಸಲ ನಿನಗೆ ಯಾವ ಬಣ್ಣದ ಚೂಡಿದಾರ ಎಂದು ಕೇಳಿದರು. ಹುಡುಗಿ ತುಟಿ ತೆರೆಯುವಷ್ಟರಲ್ಲಿ ಉತ್ತರ ಬಂದಾಗಿತ್ತು.

"ಗುಲಾಬೀನೇ ರೀ. ಅಕಿಗಿ ಗುಲಾಬಿ ಅಂದ್ರ ಜೀವ."

ಉಮಾಶ್ರೀ ತುಟಿ ಮುಚ್ಚಿಕೊಂಡಳು.

ಇಂಥ ಹುಡುಗಿ ಹಟ ಹಿಡಿದು ಓದಿ, ದೂರದವರೊಂದಿಗೆ ಮಾತಾಡುವ ಹ್ಯಾಮ್ ರೇಡಿಯೊದ ಪರೀಕ್ಷೆ ಪಾಸಾಗಿ ಪರವಾನಗಿ ಪಡೆದಿದ್ದಳು. ಭಾನುವಾರ ಬೆಳಿಗ್ಗೆ ಬೀದರ, ಔರಾದ, ಭಾಲ್ಕಿಯ ಹವ್ಯಾಸಿಗಳು ರೇಡಿಯೊದಲ್ಲಿ ಸೇರುತ್ತಾರೆ. ಒಬ್ಬರು ಹಾಜರಿ ಕರೆಯುತ್ತಾರೆ, ಉಳಿದವರು ಓಗೊಡುತ್ತಾರೆ. ಆ ಕರೆಯುವ ಪಾಳಿ ಒಮ್ಮೆ ತನಗೂ ಬರಬೇಕೆಂಬುದು ಉಮಾಶ್ರೀಯ ಆಸೆ. ತೊಡಕೆಂದರೆ, ಮಾತಾಡುವಾಗ ಮೈಕಿನ ಗುಂಡಿ ಒತ್ತಿ ಹಿಡಿದಿರಬೇಕು, ಮುಗಿದಾಗ 'ಓವರ್' ಎಂದು ಬಿಡಬೇಕು. ಒತ್ತುವ ಕೆಲಸ ತಾಯಿಯದಾಗಿತ್ತು. ಕೈ ಒತ್ತಿದ ಮೇಲೆ ಬಾಯಿ ಸುಮ್ಮನಿರಬೇಕಲ್ಲ! ಒಂದು ಭಾನುವಾರ ಔರಾದದಿಂದ ಕೂಟದ ಹಿರಿಯರಾದ ಹಣಮಂತಪ್ಪ ಉಮಾಶ್ರೀಯ ಕ್ಷೇಮ ಕೇಳಿದರೆ ವಿಮಲಾಬಾಯಿಯೇ ಉತ್ತರ ಕೊಟ್ಟಳು, ಮೇಲೊಂದಿಷ್ಟು ಭಾಲ್ಕಿಯ ಬಿಸಿಲಿನ ಸುದ್ದಿಯನ್ನೂ ಸೇರಿಸಿದಳು.

"ಬಾಯಿಯವರ, ಪರವಾನಗಿ ಯಾರ ಹೆಸರಿಗಿ ಅದ?" ಎಂದರು ಹಣಮಂತಪ್ಪ. "ಮಗಳಿಗಿ ಮಾತಾಡ್ಲಾಕ ಬಿಡ್ರಿ. ಹಿಂಗಾದ್ರ ಬರೋ ಐತವಾರದ ಪಾಳಿ ಅಕಿಗಿ ಹ್ಯಾಂಗ ಕೊಡ್ಲಿ? ಓವರ್."

ವಿಮಲಾಬಾಯಿಗೆ ಸಿಟ್ಟು ನೆತ್ತಿಗೇರಿತು. ಮಗಳ ತಡವರಿಕೆ ಕೇಳಿ ಮೂರೂರ ಮಂದಿ ನಗಲಿ ಅಂತೇನು ಎಂದು ಗಂಡ ಶಿವರಾಜಪ್ಪನ ಮುಂದೆ ಒದರಾಡಿದಳು. ಇಷ್ಟು ವರ್ಷ ಮಗಳ ಬದಲು ತಾಯಿಯನ್ನು ಮಾತಾಡಿಸಿದ್ದು ಆ ನಗುವಿನ ಹೆದರಿಕೆಯೇ. ಉಮಾಶ್ರೀ ಮಾತ್ರ ಮೂಲೆಯಲ್ಲಿ ಬಿದ್ದಿದ್ದ ಹೊಲಿಗೆ ಯಂತ್ರದ ಹಳೆಯ ಪೆಡಲನ್ನೇ ನೋಡುತ್ತಿದ್ದಳು.

"ಅವ್ವ, ಆ... ಪೆಡಲ್..."

"ಕೆಟ್ಟದ, ಗುಜರಿಗಿ ಹಾಕ್ತೇನಿ ತಗೋ."

"ಅಲ್ಲ... ನನಗ... ಬೇಕು."

ಕೈ ಮಾತು ಕೇಳದಿದ್ದರೂ ಅವಳ ಕಾಲು ಗಟ್ಟಿಯಿತ್ತು. ಮಗಳು ಹೇಳಿದಂತೆ ಶಿವರಾಜಪ್ಪ ಪೆಡಲನ್ನು ಬಿಚ್ಚಿ, ಒಳಗೆ ಕರೆಗಂಟೆಯ ಸ್ವಿಚ್ ಕೂರಿಸಿ, ರೇಡಿಯೊಗೆ ವೈರು ಎಳೆದ. ಮೈಕನ್ನು ಅವಳ ಬಾಯಿಯ ಮಟ್ಟಕ್ಕೆ ಕಟ್ಟಿದ. ಈಗ ಪಾದ ಒತ್ತಿದರೆ ಮಾತು ಅವಳದು, ಪಾದ ಎತ್ತುವವರೆಗೂ ಅವಳದೇ. ಇದನ್ನು ಕೇಳಿದ ಹಣಮಂತಪ್ಪ ಪಾಳಿ ಕೊಟ್ಟರು.

ಭಾನುವಾರ ವಿಮಲಾಬಾಯಿ ಪಕ್ಕದಲ್ಲೇ ಕೂತಳು. ತನ್ನ ಮೇಲೆ ತನಗೇ ನಂಬಿಕೆಯಿಲ್ಲದೆ, ಬಟ್ಟೆಗೆ ಚುಚ್ಚುವ ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಿದ್ದಳು. ಉಮಾಶ್ರೀ ಬೀದರವನ್ನು ಕರೆದಳು, ಅವರು ಓಗೊಟ್ಟರು. ಮುಂದೆ 'ಔ' ಎಂದವಳು ಅಲ್ಲೇ ಸಿಕ್ಕಿಬಿದ್ದಳು. ವಿಮಲಾಬಾಯಿಯ ನಾಲಿಗೆ ತುದಿಗೆ 'ರಾದ' ಬಂದು ನಿಂತಿತ್ತು. ಉಮಾಶ್ರೀಯ ಪಾದ ಮಾತ್ರ ಪೆಡಲಿನ ಮೇಲೆ ಅಲುಗಲಿಲ್ಲ.

"ಔ... ರಾದ. ನಾ ನಿಧಾನ... ಮಾತಾಡ್ತೇನಿ. ಮುಗಿಯೋ ತನಕ... ಕಾಯ್ರಿ. ಓವರ್."

"ಕಾಯ್ತೇವ ತಾಯಿ. ಔರಾದ ಹಾಜರ್. ಓವರ್."

ಯಾರೂ ನಗಲಿಲ್ಲ. ಮಗಳ ಬಾಯಿಂದ ಇಷ್ಟುದ್ದದ ಮಾತು ಕೊನೆಯತನಕ ಬಂದದ್ದನ್ನು ವಿಮಲಾಬಾಯಿ ಕೇಳಿದ್ದು ಅದೇ ಮೊದಲು. ಅವಳಿಗೆ ಹೆಮ್ಮೆಯೂ ಆಯಿತು, ಇಷ್ಟು ವರ್ಷ ಕಾಯಲಿಲ್ಲವಲ್ಲ ಎಂಬ ನೋವೂ ಆಯಿತು. ಸೂಜಿಗಳನ್ನು ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಎರಡು ದಿನ ಕಳೆದು ಶಾಕಿರಾ ಬೇಗಂ ಬಂದಾಗ ಯಂತ್ರದ ಮೇಲೆ ಉಮಾಶ್ರೀಯ ಗುಲಾಬಿ ಚೂಡಿದಾರ ಅರ್ಧ ಹೊಲಿದಾಗಿತ್ತು. ಬೇಟಿ ಉಮಾಶ್ರೀಗೆ ಈ ಬಣ್ಣ ಹಿಡಿಸಿತಾ ಎಂದು ವಾಡಿಕೆಯಂತೆ ಅವರು ತಾಯಿಯನ್ನೇ ಕೇಳಿದರು. ಬಾಯಿತನಕ ಬಂದ ಉತ್ತರವನ್ನು ವಿಮಲಾಬಾಯಿ ನುಂಗಿಕೊಂಡಳು.

"ಅಕಿಗೇ ಕೇಳ್ರಿ. ಓವರ್."

ಉಮಾಶ್ರೀ ಸಾವಕಾಶವಾಗಿ ಮಾತು ಕೂಡಿಸಿಕೊಂಡಳು. ಇಬ್ಬರೂ ಕಾದರು.

"ಗುಲಾಬಿ... ನನಗ ಎಂದೂ... ಸೇರಿಲ್ಲ ಅವ್ವ. ಹಸಿರು... ಬೇಕು."

ವಿಮಲಾಬಾಯಿಗೆ ಪೆಟ್ಟಿಗೆ ತುಂಬ ಇದ್ದ ಗುಲಾಬಿ ಬಟ್ಟೆಗಳು ನೆನಪಾದವು. ಮೊದಲು ಮುಖ ಬಾಡಿತು, ಆಮೇಲೆ ನಗು ಬಂತು. ಯಂತ್ರದಿಂದ ಗುಲಾಬಿ ದಾರದ ರೀಲು ತೆಗೆದಿಟ್ಟು ಮಗಳತ್ತ ತಿರುಗಿದಳು.

"ಎಂಥಾ ಹಸಿರು?" ಎಂದು ಕೇಳಿ, ಯಂತ್ರದ ಪೆಡಲಿನಿಂದ ಕಾಲು ತೆಗೆದು ಕಾಯುತ್ತ ಕೂತಳು.