ಖಾಲಿ ಸಾಲಿಗೆ ಹಾಕಿದ ಸಹಿ

ಗಿಣಿಗೇರಾದಿಂದ ಗಂಗಾವತಿಗೆ ಬಸ್ಸಿನಲ್ಲಿ ಒಂದು ತಾಸಿನ ಹಾದಿ. ಆ ಬಸ್ಸು ಹತ್ತಲು ನನಗೆ ಎರಡು ವರ್ಷ ಬೇಕಾಯಿತು. ಹಡಗಿನಲ್ಲಿ ಜೊತೆಗಿದ್ದ ನಜೀಬನ ಎಡಗಾಲು ಹೋದದ್ದು ನನ್ನ ತಪ್ಪಿನಿಂದಲ್ಲ ಎಂದು ಅವನೆದುರು ಕೂತು ಹೇಳಬೇಕಿತ್ತು. ಉಳಿದವರು ಏನಾದರೂ ಅಂದುಕೊಳ್ಳಲಿ, ಅವನೊಬ್ಬ ನಂಬಿದರೆ ಸಾಕಿತ್ತು.

ನಮ್ಮ ಕಡೆಯವರಿಗೆ ತುಂಗಭದ್ರೆಯ ಹಿನ್ನೀರೇ ಸಮುದ್ರ. ನನ್ನನ್ನೂ ನಜೀಬನನ್ನೂ ನಿಜವಾದ ಸಮುದ್ರಕ್ಕೆ ಕರೆದೊಯ್ದವನು ಕೊಟ್ರೇಶ. ಅವನೂ ನಾನೂ ಗಿಣಿಗೇರಾದ ಒಂದು ಕಬ್ಬಿಣದ ಫ್ಯಾಕ್ಟರಿಯಲ್ಲಿ ಒಂದೇ ಪಾಳಿಯಲ್ಲಿದ್ದವರು. ಅವನು ಮೊದಲೇ ಬಿಟ್ಟು ಹೋಗಿ, ಪರೀಕ್ಷೆ ಪಾಸು ಮಾಡಿ, ಒಂದು ಟಗ್ಗಿನಲ್ಲಿ ಮೇಟ್, ಅಂದರೆ ಕ್ಯಾಪ್ಟನ್ನನ ಕೈಕೆಳಗಿನ ಅಧಿಕಾರಿ, ಆಗಿದ್ದ. ಟಗ್ ಅಂದರೆ ತನಗಿಂತ ಹತ್ತು ಪಟ್ಟು ಭಾರದ, ಎಂಜಿನ್ನಿಲ್ಲದ ಬಾರ್ಜ್ ಎಂಬ ಸರಕು ದೋಣಿಯನ್ನು ಹಗ್ಗ ಕಟ್ಟಿ ಎಳೆಯುವ ಗಿಡ್ಡ ಹಡಗು. ನಮ್ಮದು ನನಗಿಂತ ವಯಸ್ಸಿನಲ್ಲಿ ದೊಡ್ಡದು. ಅದರ ಎಂಜಿನ್ನಿನಲ್ಲಿ ಒಂದು ಬೋಲ್ಟ್ ಬಿಗಿದರೆ ಇನ್ನೊಂದು ಸಡಿಲವಾಗುತ್ತಿತ್ತು. ಆದರೂ ನನಗೆ ಅದರ ಮೇಲೆ ಬಲು ಪ್ರೀತಿ.

ಆ ಸಲ ಬಾರ್ಜಿನ ತುಂಬ ಗ್ರಾನೈಟ್ ಇತ್ತು, ಕುಷ್ಟಗಿ ಕಡೆಯ ಕೆಂಪು ಕಲ್ಲು. ಡೆಕ್ಕಿನ ಮೇಲೆ ಹಗ್ಗ ನೋಡಿಕೊಳ್ಳುತ್ತಿದ್ದ ನಜೀಬ ಆ ಕಲ್ಲನ್ನು ತಟ್ಟಿ, "ನಮ್ಮೂರ ಕಲ್ಲು ನಮ್ಮೂರ ಮಂದಿಗಿಂತ ಮೊದಲ ದುಬೈ ನೋಡ್ತೈತಿ ನೋಡು" ಎಂದು ನಕ್ಕಿದ್ದ.

ನಾನು ಎಂಜಿನ್ ನಡೆಸುವವನು. ಎಂಜಿನ್ ರೂಮಿನಲ್ಲಿದ್ದವನಿಗೆ ಸಮುದ್ರ ಕಾಣುವುದಿಲ್ಲ. ಮೇಲಿನವರು ಫೋನಿನಲ್ಲಿ ಹೇಳಿದಷ್ಟು ವೇಗ ಕೊಡಬೇಕು, ಯಾರು ಹೇಳಿದರು ಎಂದು ಲಾಗ್ ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಬರೆಯುವ ಕೆಲಸ ಕೊಟ್ರೇಶ ವಹಿಸಿಕೊಂಡಿದ್ದ. ಫ್ಯಾಕ್ಟರಿಯಲ್ಲಿ ಸಂಜೆ ಬಸ್ಸು ತಪ್ಪಬಾರದೆಂದು ನಾವೆಲ್ಲ ಕೆಲಸದ ಕಾರ್ಡಿಗೆ ಬೆಳಿಗ್ಗೆಯೇ ಸಹಿ ಹಾಕಿಡುತ್ತಿದ್ದೆವು, ಪಾಳಿಯ ಗೆಳೆಯ ಆಮೇಲೆ ತುಂಬಿಸುತ್ತಿದ್ದ. ಅದೇ ಚಾಳಿಯನ್ನು ನಾನು ಹಡಗಿಗೂ ಒಯ್ದೆ. ವಾರಕ್ಕೊಮ್ಮೆ ಕೂತು ಖಾಲಿ ಸಾಲುಗಳಿಗೆಲ್ಲ ಸಹಿ ಹಾಕಿಬಿಡುತ್ತಿದ್ದೆ. ನನ್ನಂಥ ದಡ್ಡ ಇನ್ನೊಬ್ಬ ಇರಲಿಕ್ಕಿಲ್ಲ.

ಆ ಮಧ್ಯಾಹ್ನ ಅಲೆ ಜೋರಾಗಿತ್ತು. ಹಗ್ಗ ಸಡಿಲ ಬಿದ್ದಾಗ ವೇಗವನ್ನು ಮೆಲ್ಲಗೆ ಏರಿಸಬೇಕು, ಒಮ್ಮೆಲೇ ಎಳೆದರೆ ಹರಿಯುತ್ತದೆ. ಡೆಕ್ಕಿನ ಫೋನಿನಿಂದ ಕೊಟ್ರೇಶ ಕೂಗಿದ: "ಫುಲ್ ಕೊಡೋ ಗವಿಸಿದ್ದ, ಲಗೂ!"

"ಹಗ್ಗ ಬಿಗಿ ಐತೇನು?"

"ನಾ ಇಲ್ಲೇ ನಿಂತು ನೋಡಾಕ್ಹತ್ತೀನಲ್ಲೋ, ಕೊಡು!"

ಕೊಟ್ಟೆ. ಹಗ್ಗ ಹರಿಯಿತು. ಹರಿದ ತುದಿ ನಜೀಬನ ಕಾಲಿಗೆ ಬಡಿಯಿತು.

ವಿಚಾರಣೆಯಲ್ಲಿ ಲಾಗ್ ಪುಸ್ತಕ ತೆರೆದರು. 'ಮೇಲಿನ ಆದೇಶವಿಲ್ಲದೆ ಎಂಜಿನ್ ರೂಮಿನವರು ವೇಗ ಹೆಚ್ಚಿಸಿದರು.' ಅಕ್ಷರ ಕೊಟ್ರೇಶನದು, ಕೆಳಗಿನ ಸಹಿ ನನ್ನದು. ಸಾಕ್ಷಿಯ ಹೇಳಿಕೆಯೂ ಒಂದಿದೆ ಎಂದರು, ಯಾರದೆಂದು ಹೇಳಲಿಲ್ಲ. ಕೊಟ್ರೇಶ ಮೇಜನ್ನೇ ನೋಡುತ್ತ ಕೂತಿದ್ದ. ಎಂಜಿನ್ ನಡೆಸುವ ನನ್ನ ಸರ್ಟಿಫಿಕೇಟ್ ರದ್ದಾಯಿತು. ಅವನು ಈಗ ಕ್ಯಾಪ್ಟನ್.

ನಾನು ಗಂಗಾವತಿಗೆ ಹೋದಾಗ ನಜೀಬ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಕೃತಕ ಕಾಲನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದ. ನನ್ನನ್ನು ಕಂಡು ಬೆಚ್ಚಿದ, ಆಮೇಲೆ ಚಹಾ ತರಿಸಿದ. ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ.

"ಗೊತ್ತೈತಿ," ಅಂದ. "ನಾ ಅವನ ಬಾಜೂಕನ ನಿಂತಿದ್ನಿ. ಫುಲ್ ಅಂದದ್ದು ಕೇಳೀನಿ."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಸಿಟ್ಟು ಆಮೇಲೆ ಬಂತು.

"ಮತ್ತ ಯಾಕ ಹೇಳಲಿಲ್ಲೋ? ಎರಡು ವರ್ಷ ನಾ ಹೆಂಗ ಬದುಕೀನಿ ಗೊತ್ತೇನು?"

ಅವನು ಚಹಾದ ಲೋಟವನ್ನು ನನ್ನ ಕಡೆ ಸರಿಸಿದ. ನಾನು ಚೀಲದಿಂದ ಹಾಳೆ, ಪೆನ್ನು ತೆಗೆದೆ. "ಈಗರ ಬರದು ಕೊಡು."

ನಜೀಬ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೆಳತುದಿಯಲ್ಲಿ ಸಹಿ ಹಾಕಿ ನನ್ನತ್ತ ಚಾಚಿದ. ಮೇಲೆಲ್ಲ ಖಾಲಿ.

"ನಿನಗೇನ ಬೇಕೋ ಅದನ್ನ ಬರಕೋ."

ಆ ಬಿಳಿ ಹಾಳೆ ನೋಡುತ್ತಿದ್ದಂತೆ ವಿಚಾರಣೆಯಲ್ಲಿ ಹೇಳಿದ ಆ ಸಾಕ್ಷಿಯ ಹೇಳಿಕೆ ನೆನಪಾಯಿತು.

"ಕೊಟ್ರೇಶಗೂ ಹಿಂಗ ಕೊಟ್ಟಿದ್ದೇನು?"

"ಹೂಂ. ದವಾಖಾನ್ಯಾಗ."

"ಏನ್ ಬರೀತಾನಂತ ಗೊತ್ತಿತ್ತೇನು?"

"ಗೊತ್ತಿತ್ತು." ಅವನು ಮೊದಲ ಬಾರಿಗೆ ನನ್ನ ಮುಖ ನೋಡಿದ. "ನನ್ನ ತಮ್ಮ ಫಾರೂಕಗ ಕೆಲಸ ಕೊಡಿಸ್ತೀನಿ ಅಂದ. ಕೊಡಿಸ್ಯಾನ. ಈಗ ಕೊಟ್ರೇಶನ ಟಗ್ಗಿನ್ಯಾಗ ಅದಾನ, ನನ್ನ ಜಾಗಾದಾಗ, ಹಗ್ಗದ ಹತ್ರ. ನಾಳೆ ಕೊಟ್ರೇಶ ಬಂದು ಕೇಳಿದರ, ಅವಗೂ ಇನ್ನೊಂದು ಕೊಡ್ತೀನಿ."

ಕೊಟ್ರೇಶ ಮಾಡಿದ ಮೋಸವನ್ನು ಎರಡು ವರ್ಷ ಹೇಗೋ ನುಂಗಿಕೊಂಡಿದ್ದೆ. ಇದನ್ನು ನುಂಗಲಾಗಲಿಲ್ಲ. ಯಾರ ಕಾಲಿಗಾಗಿ ದಿನವೂ ಮರುಗಿದೆನೋ, ಅವನೇ ಎಲ್ಲ ತಿಳಿದೂ ನನ್ನನ್ನು ಮಾರಿದ್ದ.

ಹಾಳೆಯನ್ನು ಅವನ ತೊಡೆಯ ಮೇಲೆಯೇ ಬಿಟ್ಟು, ಪೆನ್ನು ಮಾತ್ರ ತೆಗೆದುಕೊಂಡು ಎದ್ದೆ.